ಆಕ್ಸಲ್ ಜಾಯಿಂಟ್ ಕೂಡಿಸುವಾಗ ಸುತ್ತಿಗೆ ಎಲ್ಲಿ ಬೇಕು, ಎಲ್ಲಿ ಬೇಡ

ಮುಂದಿನ ಚಕ್ರಗಳಿಂದ ಓಡುವ ಕಾರಿನ ಆಕ್ಸಲ್‌ನಲ್ಲಿ ಹೊರಗಡೆಯ, ಅಂದರೆ ಚಕ್ರದ ಕಡೆಯ ಸಿವಿ ಜಾಯಿಂಟ್ (ಚಕ್ರ ತಿರುಗಿದಾಗಲೂ ಒಂದೇ ವೇಗದಲ್ಲಿ ಓಟ ದಾಟಿಸುವ ಕೀಲು) ಬಿಚ್ಚುವುದು ಅಂಥ ಕಷ್ಟವೇನಲ್ಲ. ಬೂಟ್ (ಜಾಯಿಂಟ್ ಮುಚ್ಚುವ ಹೊದಿಕೆ) ಸರಿಸಿ, ಲಾಕ್ ಬಿಡಿಸಿ, ಎಳೆದರೆ ಕೈಗೆ ಬರುತ್ತದೆ. ಬೆವರು ಬರುವುದು ಕೂಡಿಸುವಾಗ. ಕೆಲಸ ಕಲಿಯಲು ಬರುವ ಹುಡುಗರಿಗೆ ನಾನು ಮೊದಲೇ ಹೇಳಿಬಿಡುತ್ತೇನೆ: ಇದರಲ್ಲಿ ಜೋರಾಗಿ ಹೊಡೆಯುವ ಜಾಗ ಒಂದೇ ಇದೆ. ಉಳಿದ ಕಡೆ ಭಾಗ ಕೂರುತ್ತಿಲ್ಲ ಅಂದರೆ ಬಲ ಸಾಲದೆ ಅಲ್ಲ, ಓರೆ ಸರಿಯಾಗಿ ಸಿಕ್ಕಿಲ್ಲ ಅಂತ.

ಒಳಗೆ ಏನಿದೆ ಅಂತ ಗೊತ್ತಿದ್ದರೆ ಇದು ಅರ್ಥವಾಗುತ್ತದೆ. ಹೊರಗೆ ಬಟ್ಟಲಿನಂಥ ರೇಸ್, ಅಂದರೆ ಬಾಲ್ ಓಡುವ ದಾರಿಗಳಿರುವ ಭಾಗ. ಮಧ್ಯದಲ್ಲಿ ಸ್ಪ್ಲೈನ್ (ಶಾಫ್ಟ್ ಹಿಡಿಯುವ ಹಲ್ಲುಗಳು) ಇರುವ ಒಳರೇಸ್. ಇವೆರಡರ ನಡುವೆ ಆರು ಕಿಟಕಿಗಳ ಕೇಜ್, ಕಿಟಕಿಗೊಂದರಂತೆ ಆರು ಬಾಲ್. ಚಕ್ರ ಎಷ್ಟೇ ತಿರುಗಿದರೂ ಎರಡು ಶಾಫ್ಟ್‌ಗಳ ನಡುವಿನ ಕೋನವನ್ನು ಸರಿಯಾಗಿ ಅರ್ಧ ಮಾಡುವ ಸಮತಲದಲ್ಲೇ ಬಾಲ್‌ಗಳು ನಿಲ್ಲುತ್ತವೆ. ಹಾಗಾಗಿ ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗಲೂ ಚಕ್ರ ಜರ್ಕ್ ಇಲ್ಲದೆ ಒಂದೇ ವೇಗದಲ್ಲಿ ತಿರುಗುತ್ತದೆ. ಆಲ್ಫ್ರೆಡ್ ಝೆಪ್ಪಾ 1920ರ ದಶಕದಲ್ಲಿ ಪೇಟೆಂಟ್ ಮಾಡಿದ ವಿನ್ಯಾಸ ಇದು. 1959ರಲ್ಲಿ ಬಂದ ಮಿನಿ ಕಾರಿನಲ್ಲೂ ಇದೇ ಬಗೆಯ ಜಾಯಿಂಟ್ ಇತ್ತು. ಇಷ್ಟು ನಾಜೂಕಿನ ದಾರಿಯಲ್ಲಿ ಉಕ್ಕಿನ ಸುತ್ತಿಗೆಯ ಒಂದು ಏಟು ಗುರುತು ಬಿಟ್ಟರೂ ಬಾಲ್ ಪ್ರತಿ ಸುತ್ತಿನಲ್ಲೂ ಅದರ ಮೇಲೆ ಹಾದುಹೋಗುತ್ತದೆ.

ಬಿಚ್ಚುವ ಮೊದಲು ಹೊರರೇಸ್, ಕೇಜ್, ಒಳರೇಸ್ ಮೂರಕ್ಕೂ ಒಂದೇ ಸಾಲಿನಲ್ಲಿ ಪೇಂಟ್‌ನಿಂದ ಗೀಟು ಹಾಕಿ. ಪಂಚ್ ಬೇಡ. ಒಳರೇಸಿನ ಯಾವ ಮುಖ ಹೊರಗೆ ಕಾಣುತ್ತಿತ್ತು ಅನ್ನುವುದನ್ನೂ ಗುರುತು ಮಾಡಿ. ಫೋನಿನಲ್ಲಿ ಫೋಟೋ ತೆಗೆದರೆ ಸಾಲದಾ ಅಂತ ಹುಡುಗರು ಕೇಳುತ್ತಾರೆ. ಸಾಲದು. ಗ್ರೀಸ್ ಮೆತ್ತಿದ ಫೋಟೋದಲ್ಲಿ ಮುಖ ಯಾವುದು, ಬೆನ್ನು ಯಾವುದು ಗೊತ್ತಾಗುವುದಿಲ್ಲ. ಬಾಲ್‌ಗಳನ್ನೂ ತೆಗೆದ ಕ್ರಮದಲ್ಲೇ ಇಡಬೇಕು. ಅವು ತಮ್ಮ ತಮ್ಮ ದಾರಿಯಲ್ಲಿ ಸವೆದು ಹೊಂದಿಕೊಂಡಿರುತ್ತವೆ.

ತೊಳೆದು ಒಣಗಿಸಿದ ಮೇಲೆ ಬೆಳಕಿಗೆ ಹಿಡಿದು ನೋಡಿ. ಬಾಲ್ ಓಡಿದ ಜಾಗ ಹೊಳೆಯುತ್ತಿದ್ದರೆ ತೊಂದರೆ ಇಲ್ಲ. ಉಗುರಿಗೆ ಸಿಗುವಂಥ ಗುಳಿ, ಕೇಜಿನಲ್ಲಿ ಬಿರುಕು, ಅಗಲವಾದ ಕಿಟಕಿ ಕಂಡರೆ ಕೂಡಿಸುವ ಶ್ರಮ ದಂಡ. ಜಾಯಿಂಟನ್ನೇ ಬದಲಾಯಿಸಿ. ಒಂದೆರಡು ಬಾಲ್ ಮಾತ್ರ ಬೇರೆ ಹಾಕುವ ಉಪಾಯವನ್ನು ನಾನಂತೂ ಒಪ್ಪುವುದಿಲ್ಲ. ಗಾತ್ರದಲ್ಲಿ ಕೂದಲೆಳೆ ವ್ಯತ್ಯಾಸವಿದ್ದರೂ ಹೊರೆಯೆಲ್ಲ ದೊಡ್ಡ ಬಾಲ್ ಮೇಲೆ ಬೀಳುತ್ತದೆ.

ಈಗ ಕೂಡಿಸುವುದು. ಒಳರೇಸನ್ನು ಕೇಜಿಗೆ ಅಡ್ಡ ಹಿಡಿದು, ಅದರ ಒಂದು ಏಣನ್ನು (ಎರಡು ಬಾಲ್ ದಾರಿಗಳ ನಡುವಿನ ಉಬ್ಬು) ಕಿಟಕಿಯೊಳಗೆ ತೂರಿಸಿದರೆ ಉಳಿದದ್ದು ತಾನಾಗೇ ಒಳಗೆ ಹೊರಳುತ್ತದೆ. ಆಮೇಲೆ ಇವೆರಡನ್ನೂ ಸೇರಿಸಿ ಬಟ್ಟಲಿಗೆ ನೆಟ್ಟಗೆ, 90 ಡಿಗ್ರಿಯಲ್ಲಿ ನಿಲ್ಲಿಸಿ ಇಳಿಸಬೇಕು. ಕೆಲವು ಕೇಜ್‌ಗಳಲ್ಲಿ ಎದುರುಬದುರಿನ ಎರಡು ಕಿಟಕಿ ಉಳಿದವಕ್ಕಿಂತ ಉದ್ದ ಇರುತ್ತವೆ. ಅಂಥದ್ದಾದರೆ ಆ ಕಿಟಕಿಗಳು ಬಟ್ಟಲಿನ ಏಣುಗಳಿಗೆ ಎದುರು ಬರಬೇಕು. ಬಂದರೆ ಕೇಜ್ ಜಾರಿ ಇಳಿಯುತ್ತದೆ, ಇಲ್ಲದಿದ್ದರೆ ಎಷ್ಟು ಒತ್ತಿದರೂ ಇಲ್ಲ. ಇಳಿದ ಮೇಲೆ ಮಲಗಿಸಿ ಗೀಟುಗಳನ್ನು ಸೇರಿಸಿ.

ಬಾಲ್ ಹಾಕಲು ಕೇಜಿನ ಒಂದು ಬದಿಯನ್ನು ಕೆಳಗೆ ಒತ್ತಬೇಕು. ಎದುರಿನ ಕಿಟಕಿ ಮೇಲೆ ಎದ್ದು ಬರುತ್ತದೆ. ಅಲ್ಲಿ ಒಂದು ಬಾಲ್. ಆಮೇಲೆ ಅದರ ಎದುರಿನದು. ಹೀಗೆ ಎದುರುಬದುರಾಗಿ ಹೋಗಿ. ಬಾಲ್ ಕಿಟಕಿಯಲ್ಲಿ ಸ್ವಲ್ಪ ಬಿಗಿಯಾಗೇ ಕೂರಬೇಕು, ಹೆಬ್ಬೆರಳಿನ ಒತ್ತಡ ಬೇಡುವಷ್ಟು. ಬೇಕಿದ್ದರೆ ಮರದ ತುಂಡಿನಿಂದ ಮೆಲ್ಲಗೆ ತಟ್ಟಿ. ಸುಮ್ನೆ ಜಾರಿ ಬಿದ್ದರೆ ಕೇಜ್ ಸವೆದಿದೆ ಅಂತ. ಕೊನೆಯ ಬಾಲ್ ಹತ್ತಿರ ಎಲ್ಲರ ತಾಳ್ಮೆ ಕೆಡುತ್ತದೆ. ಅದಕ್ಕೆ ಕೇಜ್ ಇನ್ನಷ್ಟು ಓರೆಯಾಗಬೇಕು, ಅಷ್ಟೇ. ಒಳರೇಸಿನೊಳಗೆ ಮರದ ಹಿಡಿಯೊಂದನ್ನು ತೂರಿಸಿ ವಾಲಿಸಿದರೆ ಜಾಗ ಆಗುತ್ತದೆ. ಆರೂ ಕೂತ ಮೇಲೆ ಕೈಯಲ್ಲೇ ಎಲ್ಲಾ ದಿಕ್ಕಿಗೂ ಆಡಿಸಿ ನೋಡಿ. ಎಲ್ಲಾದರೂ ಹಿಡಿದರೆ ಮತ್ತೆ ಬಿಚ್ಚಿ. ಗ್ರೀಸ್ ಹಾಕಿದರೆ ಸರಿಹೋಗುತ್ತದೆ ಅನ್ನುವುದು ಸುಳ್ಳು.

ಗ್ರೀಸ್ ಅಂದರೆ ಮಾಲಿಬ್ಡಿನಂ ಇರುವ ಕಪ್ಪು ಗ್ರೀಸ್. ವೀಲ್ ಬೇರಿಂಗಿನ ಸಾಮಾನ್ಯ ಗ್ರೀಸ್ ಬೇಡ. ಕಿಟ್‌ನಲ್ಲಿ ಬರುವ ಪ್ಯಾಕೆಟ್ಟಿನಷ್ಟೇ ಅಳತೆ. ಜಾಯಿಂಟಿಗೆ ಒತ್ತಿ ತುಂಬಿ, ಉಳಿದದ್ದು ಬೂಟಿಗೆ. ಗೇರ್‌ಬಾಕ್ಸ್ ಕಡೆಯ ಜಾಯಿಂಟಿಗೆ ಬೇರೆ ಗ್ರೀಸ್ ಕೊಟ್ಟಿದ್ದರೆ ಎರಡನ್ನೂ ಬೆರೆಸಬೇಡಿ.

ಇನ್ನು ಸುತ್ತಿಗೆ. ಶಾಫ್ಟ್ ಮೇಲೆ ಮೊದಲು ಚಿಕ್ಕ ಕ್ಲಾಂಪ್, ಆಮೇಲೆ ಬೂಟ್ ಏರಿಸಿದ್ದೀರಾ ಅಂತ ನೋಡಿಕೊಳ್ಳಿ. ಜಾಯಿಂಟ್ ಕೂತ ಮೇಲೆ ನೆನಪಾದರೆ ಮತ್ತೆ ಮೊದಲಿಂದ ಶುರು! ಹೊಸ ಸರ್ಕ್ಲಿಪ್ (ಶಾಫ್ಟ್ ತೋಡಿನಲ್ಲಿ ಕೂರುವ ಲಾಕ್ ರಿಂಗ್) ಹಾಕಿ, ಅದು ತೋಡಿನ ಮಧ್ಯಕ್ಕೆ ನಿಲ್ಲುವಂತೆ ಗ್ರೀಸ್ ಮೆತ್ತಿ. ಸ್ಪ್ಲೈನ್ ಸೇರಿಸಿ, ಹಬ್ ನಟ್ಟನ್ನು (ಆಕ್ಸಲನ್ನು ಚಕ್ರದ ಹಬ್‌ಗೆ ಬಿಗಿಯುವ ನಟ್) ಜಾಯಿಂಟಿನ ತುದಿಗೆ ಹತ್ತಿಸಿ, ಪ್ಲಾಸ್ಟಿಕ್ ಸುತ್ತಿಗೆಯಲ್ಲಿ ನೇರವಾಗಿ ಗಟ್ಟಿಯಾಗಿ ಒಂದು ಹೊಡೆಯಿರಿ. ನಟ್ ಇದ್ದರೆ ತ್ರೆಡ್ ಹಾಳಾಗುವುದಿಲ್ಲ. ಕ್ಲಿಕ್ ಅಂದ ಮೇಲೆ ಎಳೆದು ನೋಡಿ, ಬರಬಾರದು. ಕೂರದಿದ್ದರೆ ಒಳರೇಸ್ ತಿರುಗುಮುರುಗಾಗಿದೆಯಾ ನೋಡಿ. ಹಲವು ಜಾಯಿಂಟ್‌ಗಳಲ್ಲಿ ಸರ್ಕ್ಲಿಪ್ಪನ್ನು ಅದುಮುವ ಇಳಿಜಾರು ಅಂಚು ಒಂದೇ ಬದಿಯಲ್ಲಿರುತ್ತದೆ.

ಬೂಟಿನ ಸಣ್ಣ ಬಾಯಿಗೆ ಮೊಂಡು ಸ್ಕ್ರೂಡ್ರೈವರ್ ತೂರಿಸಿ ಒಳಗೆ ಸಿಕ್ಕಿದ ಗಾಳಿ ಬಿಟ್ಟು, ಆಮೇಲೆ ಕ್ಲಾಂಪ್ ಬಿಗಿ ಮಾಡಿ. ಆಕ್ಸಲ್ ಗಾಡಿಗೆ ಹಾಕುವಾಗ ತೂಗಾಡಲು ಬಿಡಬೇಡಿ, ಒಳಗಡೆಯ ಜಾಯಿಂಟ್ ಕಳಚಿಕೊಂಡೀತು. ಹಬ್ ನಟ್ ಹೊಸದು ಹಾಕಿ, ಆ ಗಾಡಿಯ ಮ್ಯಾನುಯಲ್ ಹೇಳಿದ ಟಾರ್ಕ್ (ಬಿಗಿಯುವ ತಿರುಚು ಬಲ) ಕೊಡಿ. ಅದು ಅಂದಾಜಿಗೆ ಸಿಗುವ ಅಂಕಿ ಅಲ್ಲ, ಸಣ್ಣ ಕಾರುಗಳಲ್ಲೂ 200 ನ್ಯೂಟನ್ ಮೀಟರ್ ಆಸುಪಾಸು ಕೇಳುವುದುಂಟು. ನಟ್ ಸಡಿಲ ಇರುವಾಗ ಗಾಡಿಯ ಭಾರ ಚಕ್ರದ ಮೇಲೆ ಬಿಟ್ಟು ಉರುಳಿಸಿದರೆ ಬೇರಿಂಗ್ ಹೋಗಬಹುದು.

ಕೊನೆಗೆ ಖಾಲಿ ಜಾಗದಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ, ಕಾರಿನ ಕಿಟಕಿ ಇಳಿಸಿ, ನಿಧಾನಕ್ಕೆ ಎಡಕ್ಕೊಂದು ಬಲಕ್ಕೊಂದು ಸುತ್ತು ಹಾಕಿ. ಬಿಚ್ಚುವ ಮೊದಲೇ ಟಕಟಕ ಸದ್ದು ಇದ್ದ ಜಾಯಿಂಟ್ ಆದರೆ ಈಗಲೂ ಇರುತ್ತದೆ, ಸವೆದ ಲೋಹವನ್ನು ಗ್ರೀಸ್ ವಾಪಸ್ ತರುವುದಿಲ್ಲ. ಇದನ್ನು ಗಾಡಿಯವರಿಗೆ ಬಿಚ್ಚುವ ಮೊದಲೇ ಹೇಳಿರಿ.