ಪೇರಳೆ ಮರದ ಮನೆತನ

“ತಾವು ಕೊಲಂಬೊದ ಯಾವ ಇಗರ್ಜಿಗೆ ಸೇರಿದವರು?” ಎಂದು ನಾನೇ ಕೇಳಿದ ಪ್ರಶ್ನೆ ಮೂರು ದಿನಗಳಿಂದ ನನ್ನನ್ನೇ ಚುಚ್ಚುತ್ತಿದೆ. ಮಂಗಳವಾರ ಮುಂಬೈಯ ಫೋರ್ಟಿನಲ್ಲಿರುವ ನಮ್ಮ ಕಚೇರಿಗೆ ಲೆಕ್ಕಪತ್ರದ ಕೆಲಸಕ್ಕೆಂದು ಬಂದಿದ್ದ ಶ್ರೀಲಂಕಾದ ಹಿರಿಯರೊಬ್ಬರ ಅಡ್ಡಹೆಸರು ಪೆರೇರಾ ಎಂದು ತಿಳಿದ ಕೂಡಲೇ, ಮಂಗಳೂರಿನ ಪಿರೇರಾ ಆದ ನಾನು ಊರಿನವರೇ ಎದುರಾದಷ್ಟು ಹಿಗ್ಗಿ ಅವರ ಚರ್ಚು ಯಾವುದೆಂದು ಹಾಗೆ ಕೇಳಿಬಿಟ್ಟಿದ್ದೆ. ಅವರು ಚಹಾದ ಲೋಟವನ್ನು ಕೆಳಗಿಟ್ಟು, ಸ್ವಲ್ಪವೂ ಬೇಸರ ತೋರದೆ, “ನಾನು ಬೌದ್ಧ. ನಮ್ಮಲ್ಲಿ ಪೆರೇರಾ ಎಂದರೆ ಯಾರೂ ಇಗರ್ಜಿ ಯಾವುದೆಂದು ಕೇಳುವುದಿಲ್ಲ,” ಎಂದರು.

ಬಾಡಿಗೆ ಮನೆ ಹುಡುಕುತ್ತಿದ್ದ ದಿನಗಳಲ್ಲಿ ನನ್ನ ಅಡ್ಡಹೆಸರು ಕಿವಿಗೆ ಬಿದ್ದೊಡನೆ ಮುಖ ಬದಲಿಸಿದ ಸೊಸೈಟಿ ಕಾರ್ಯದರ್ಶಿಗಳನ್ನು ಇಂದಿಗೂ ಕ್ಷಮಿಸದವನು ನಾನು. ಅವರಲ್ಲಿ ಒಬ್ಬನಾದರೂ ಚಹಾ ಕೊಡುತ್ತಾ ಕೇಳಿರಲಿಲ್ಲ ಎಂಬುದಷ್ಟೇ ವ್ಯತ್ಯಾಸ.

ಪೋರ್ಚುಗೀಸರು 1505ರಲ್ಲಿ ಆ ಹಿರಿಯರ ದ್ವೀಪಕ್ಕೆ ಕಾಲಿಟ್ಟರು, 1510ರಲ್ಲಿ ಗೋವೆಯನ್ನು ಹಿಡಿದರು. ಕೊಲಂಬೊ 1656ರಲ್ಲಿ ಡಚ್ಚರ ಪಾಲಾಯಿತು. ಅಷ್ಟರೊಳಗೆ ಕರಾವಳಿಯ ಸಿಂಹಳೀಯರಿಗೆ ಅಂಟಿಕೊಂಡಿದ್ದ ಪೆರೇರಾ, ಸಿಲ್ವಾ, ಫರ್ನಾಂಡೊಗಳು, ಎಷ್ಟೋ ಮನೆಗಳಲ್ಲಿ ಬುದ್ಧನ ಮುಂದೆ ಮತ್ತೆ ದೀಪ ಹಚ್ಚಿದ ಮೇಲೂ ಕಳಚಲಿಲ್ಲ. ಮುಂದೆ ಮಂಗಳೂರಿಗೆ ಬಂದ ನಮ್ಮವರಿಗೆ ಗೋವೆಯಲ್ಲಿ ಕ್ರೈಸ್ತರಾಗುವ ದೀಕ್ಷಾಸ್ನಾನದ ಹೊತ್ತಿಗೆ ನೀರೆರೆದ ಪಾದ್ರಿಯದೋ ಪಕ್ಕದಲ್ಲಿ ನಿಂತ ಜ್ಞಾನಪಿತನದೋ (ಗಾಡ್‌ಫಾದರ್) ಹೆಸರು ಬಂದ ಹಾಗೆಯೇ ಇದೂ.

ಅಂದು ರಾತ್ರಿಯೇ ಊರಿಗೆ ಫೋನ್ ಮಾಡಿ ಬಾಪ್ಪುವಿಗೆ, ಅಂದರೆ ಚಿಕ್ಕಪ್ಪನಿಗೆ, ಈ ಸಂಗತಿ ಹೇಳಿದೆ. “ಬೌದ್ಧನೋ? ಹಾಗಾದರೆ ಅವನು ನಮ್ಮವನಲ್ಲ, ಮಗಾ. ನಾವು ಮೂಲದಲ್ಲಿ ಗೋವೆಯ ಬಾರ್ದೇಸಿನ ಪ್ರಭು ಮನೆತನದವರು,” ಎಂದರು. ಬಾಪ್ಪು ಒಳ್ಳೆಯವರು, ಆದರೆ ಈ ವಿಷಯದಲ್ಲಿ ಅವರ ಮಾತನ್ನು ನಾನು ನಂಬುವುದಿಲ್ಲ. ನಮ್ಮಲ್ಲಿ ಯಾವ ಮನೆಯಲ್ಲಿ ವಿಚಾರಿಸಿದರೂ ಹಿರಿಯರು ಪ್ರಭು, ಕಾಮತ, ಶೆಣೈಗಳೇ; ಹಾಗಿದ್ದರೆ ಅಂದಿನ ಗೋವೆಯಲ್ಲಿ ಮೀನು ಹಿಡಿದವರು, ಗದ್ದೆ ಉತ್ತವರು ಯಾರೆಂದು ಕೇಳಬೇಕಾಗುತ್ತದೆ. ಬಾಪ್ಪು ಆಸೆಪಟ್ಟು ಬರೆಸಿದ ವಂಶವೃಕ್ಷವೂ 1800ರಿಂದ ಹಿಂದಕ್ಕೆ ಹೋಗುವುದಿಲ್ಲ. 1784ರಲ್ಲಿ ಟಿಪ್ಪು ಕೆನರಾದ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದಾಗ ಇಗರ್ಜಿಗಳು ನೆಲಸಮವಾದವು. 1799ರಲ್ಲಿ ಅವನು ಮಡಿದ ಬಳಿಕ ಬದುಕಿ ಮರಳಿದವರಿಂದ ನಮ್ಮ ಊರಿನ ಇಗರ್ಜಿಯ ಪುಸ್ತಕ ಹೊಸದಾಗಿ ಆರಂಭವಾಗುತ್ತದೆ. ದುಬೈಯಲ್ಲಿರುವ ನನ್ನ ದೊಡ್ಡಪ್ಪನ ಮಗನಿಗೆ ಇದ್ಯಾವುದೂ ಅಡ್ಡಿಯಾಗಿಲ್ಲ. 1385ರಲ್ಲಿ ಅಲ್ಜುಬರೋಟದ ಕಾಳಗ ಗೆದ್ದ ಪೋರ್ಚುಗಲ್ಲಿನ ಸೇನಾನಿ ನೂನೊ ಆಲ್ವರೆಸ್ ಪೆರೇರಾ ತನ್ನ ಪೂರ್ವಜನೆಂದು ಅವನು ಮಕ್ಕಳಿಗೆ ಹೇಳಿಕೊಟ್ಟಿದ್ದಾನೆ. ಬ್ರೆಜಿಲಿನಲ್ಲಿ ಬೀದಿಬೀದಿಗೆ ಪೆರೇರಾಗಳಿದ್ದಾರೆ, ಕೊಲಂಬಿಯಾದಲ್ಲಿ ಆ ಹೆಸರಿನ ನಗರವೇ ಇದೆ. ಅವರೆಲ್ಲರೂ ಅವನಿಗೆ ದಾಯಾದಿಗಳಾಗಬೇಕು.

ಹೆಸರಿನ ಅರ್ಥವಾದರೋ ಬಹಳ ಸಾದಾ. ಪೋರ್ಚುಗೀಸಿನಲ್ಲಿ ಪೇರಾ ಎಂದರೆ ಪೇರ್ ಹಣ್ಣು, ಪೆರೇರಾ ಎಂದರೆ ಅದರ ಮರ. ಆ ಮರ ಹೆಚ್ಚಾಗಿದ್ದ ಊರುಗಳಿಗೆ ಆ ಹೆಸರು ಬಂತು, ಊರಿನಿಂದ ಮನೆತನಗಳಿಗೆ ಬಂತು. ನಾನು ಆ ಮರವನ್ನು ಇದುವರೆಗೆ ಕಂಡಿಲ್ಲ. ನಮ್ಮ ಬಾವಿಯ ಬಳಿ ಇದ್ದದ್ದು ಪೇರಳೆ ಮರ. ಬೆಂಗಳೂರಿನವರು ಸೀಬೆ ಎನ್ನುವ, ಅಮೆರಿಕದಿಂದ ಪೋರ್ಚುಗೀಸರ ಹಡಗಿನಲ್ಲಿ ಬಂದ ಹಣ್ಣು. ಕೊಂಕಣಿಯ ಪೇರ್, ಮರಾಠಿಯ ಪೇರು, ನಮ್ಮ ಪೇರಳೆ, ಎಲ್ಲವೂ ಆ ಪೇರಾದಿಂದಲೇ ಹುಟ್ಟಿದವು ಎನ್ನುತ್ತಾರೆ. ತಮ್ಮ ನಾಡಿನ ಹಣ್ಣಿನ ಹೆಸರನ್ನು ಬೇರೆ ಹಣ್ಣಿಗೂ, ತಮ್ಮ ಮರದ ಹೆಸರನ್ನು ಬೇರೆ ಮನುಷ್ಯರಿಗೂ ಇಟ್ಟು ಹೋದ ಜನ. ಹೀಗಿರುವಾಗ ಈ ಹೆಸರಿನ ಜಾಡು ಹಿಡಿದು ಲಿಸ್ಬನ್ನಿನವರೆಗೆ ನಡೆದರೂ ನನಗೆ ಸಿಗುವವನು ಯಾವನೋ ಜ್ಞಾನಪಿತನ ಅಜ್ಜನೇ ಹೊರತು ನನ್ನ ಅಜ್ಜನಲ್ಲ. ನನ್ನವನು ಆ ದೀಕ್ಷಾಸ್ನಾನದ ಹಿಂದಿನ ದಿನದವರೆಗೆ ಇಟ್ಟುಕೊಂಡಿದ್ದ ಹೆಸರನ್ನು ನಮಗೆ ಬಿಟ್ಟು ಹೋಗಿಲ್ಲ.

ನಿನ್ನೆ ಬೆಳಿಗ್ಗೆ ಅಂಧೇರಿ ಸ್ಟೇಷನ್ನಿನ ಹೊರಗೆ ಕೈಗಾಡಿಯವನು “ಪೇರು, ಪೇರು” ಎಂದು ಕೂಗುತ್ತಿದ್ದ. ಒಂದು ಕಿಲೋ ಕಟ್ಟಿಸಿಕೊಂಡು, ಉಪ್ಪುಖಾರದ ಪೊಟ್ಟಣವನ್ನೂ ಕೇಳಿ ಪಡೆದು, ಕಚೇರಿಯಲ್ಲಿ ಆ ಹಿರಿಯರ ಮುಂದಿಟ್ಟೆ. ಕ್ಷಮೆ ಕೇಳಬೇಕೆಂದಿದ್ದೆ, ಮಾತು ಹೊರಡಲಿಲ್ಲ. ಇದಕ್ಕೆ ಸಿಂಹಳದಲ್ಲಿ ಏನೆನ್ನುತ್ತೀರಿ ಎಂದಷ್ಟೇ ಕೇಳಿದೆ.

“ಪೇರ,” ಎಂದರು ಅವರು, ಒಂದನ್ನು ಆರಿಸಿ ಮೂಸಿ ನೋಡುತ್ತಾ. ಆಮೇಲೆ ಚಾಕು ಇದೆಯೇ ಎಂದು ಕೇಳಿದರು.