ಮಂದೆ ಕರಗುವಾಗ ಮಾಂಸ ಯಾಕೆ ಹೆಚ್ಚತ್ತೆ

ಯಾವುದಾದ್ರೂ ದೇಶದಲ್ಲಿ ಜಾನುವಾರು ಸಂಖ್ಯೆ ಇಳೀತು ಅಂತ ಸುದ್ದಿ ಬಂದ್ರೆ ಸಾಕು, ಅದರ ಹಿಂದೇನೇ ಮಾಂಸದ ಉತ್ಪಾದನೆನೂ ಬಿತ್ತು ಅಂತ ಇನ್ನೊಂದು ಸಾಲು ಬಂದೇ ಬರತ್ತೆ. ಎಷ್ಟೋ ವರ್ಷದಿಂದ ಈ ಅಂಕಿಅಂಶಗಳನ್ನ ಆಸೆಯಿಂದ ಓದ್ಕೊಂಡು ಬಂದಿರೋ ನನಗೆ ಇದು ನೋಡಿದಾಗೆಲ್ಲ ಬೇಜಾರಾಗತ್ತೆ, ಯಾಕಂದ್ರೆ ಮಂದೆ ಕರಗೋಕೆ ಶುರುವಾದ ಹೊಸದ್ರಲ್ಲಿ ಮಾಂಸ ಇಳಿಯಲ್ಲ, ಏರತ್ತೆ, ಒಂದೊಂದ್ಸಲ ದಾಖಲೆನೇ ಮುರಿಯತ್ತೆ. ಇಳಿತ ಬರೋದು ಆಮೇಲೆ, ಎಲ್ರೂ ಮರೆತ ಮೇಲೆ.

2022ರ ಅಮೆರಿಕನೇ ನೋಡಿ. ಅಲ್ಲಿ ದನಗಳ ಸಂಖ್ಯೆ 2019ರಿಂದಲೇ ಇಳಿಯೋ ದಾರಿ ಹಿಡಿದಿತ್ತು, ಅದರ ಮೇಲೆ ಪಶ್ಚಿಮದ ರಾಜ್ಯಗಳಲ್ಲಿ, ನಡುವಿನ ಬಯಲುಗಳಲ್ಲಿ ಬರ ಬಂತು, ಹುಲ್ಲುಗಾವಲು ಒಣಗಿ ಹೋಯ್ತು, ಒಣ ಮೇವು ಕೊಂಡು ಹಾಕೋಣ ಅಂದ್ರೆ ಅದೂ ದುಬಾರಿ. ಆದ್ರೆ ಆ ವರ್ಷ ಅಲ್ಲಿ ಬಂದ ದನದ ಮಾಂಸ ಸುಮಾರು 1.28 ಕೋಟಿ ಟನ್, ಅಲ್ಲಿವರೆಗೆ ಯಾವ ವರ್ಷನೂ ಅಷ್ಟು ಬಂದಿರಲಿಲ್ಲ. ಬರದ ವರ್ಷದಲ್ಲಿ ದಾಖಲೆ! ಅದನ್ನ ಸಮೃದ್ಧಿ ಅಂತ ಓದಿದವರೂ ಇದ್ದಾರೆ. ಆದ್ರೆ ಆಗಿದ್ದು ಏನು ಅಂದ್ರೆ ನಾಳೆ ಕರು ಹಾಕಬೇಕಾಗಿದ್ದ ಹಸುಗಳು, ಕಡಸುಗಳು ಇವತ್ತೇ ಕಸಾಯಿಖಾನೆಗೆ ಹೋದ್ವು. ಬಿತ್ತನೆಗೆ ಇಟ್ಟ ಕಾಳನ್ನೇ ಅಡುಗೆಗೆ ಹಾಕಿದ ಹಾಗೆ.

ಈ ಕೆಲಸ ನಡೆಯೋ ರೀತಿನ ಸ್ವಲ್ಪ ಹತ್ತಿರದಿಂದ ನೋಡಬೇಕು. ಹುಲ್ಲುಗಾವಲಿನ ಮೇಲೆ ಮಂದೆ ಸಾಕೋರು ಸಾಮಾನ್ಯವಾಗಿ ಮಳೆಗಾಲ ಅಥವಾ ಬೇಸಿಗೆ ಮುಗಿದು ಕರುಗಳನ್ನ ತಾಯಿಂದ ಬಿಡಿಸೋ ಹೊತ್ತಿಗೆ ಹಸುಗಳನ್ನ ಒಂದೊಂದಾಗಿ ಇಕ್ಕಟ್ಟಿನ ಓಣಿಗೆ ಬಿಟ್ಟು ಗಬ್ಬ ಪರೀಕ್ಷೆ ಮಾಡಿಸ್ತಾರೆ. ಗಬ್ಬ ನಿಲ್ಲದ ಹಸು ಮೊದಲು ಹೋಗತ್ತೆ, ಯಾಕಂದ್ರೆ ಅದಕ್ಕೆ ಇನ್ನೊಂದು ವರ್ಷ ಮೇವು ಹಾಕಿದ್ರೂ ಕರು ಬರಲ್ಲ. ಆಮೇಲೆ ಹಲ್ಲು ಸವೆದ ವಯಸ್ಸಾದ ಹಸು, ಕೆಚ್ಚಲು ಕೆಟ್ಟಿದ್ದು, ಕಾಲು ಸರಿ ಇಲ್ಲದ್ದು. ಒಳ್ಳೆ ವರ್ಷ ಆಗಿದ್ರೆ ಇಲ್ಲಿಗೆ ನಿಲ್ಲತ್ತೆ, ಹೋದವುಗಳ ಜಾಗಕ್ಕೆ ಅಂತ ಚೆನ್ನಾಗಿರೋ ಹೆಣ್ಣು ಕರುಗಳನ್ನ ಆರಿಸಿ ಉಳಿಸ್ಕೊಳ್ತಾರೆ. ಬರದ ವರ್ಷ ಆದ್ರೆ ನಿಲ್ಲಲ್ಲ, ಉಳಿಸ್ಕೊಳ್ಳಬೇಕಾದ ಕಡಸನ್ನೂ ಗಂಡು ಕರುಗಳ ಜೊತೆಗೇ, ಕಡಿಯೋಕೆ ಮುಂಚೆ ಧಾನ್ಯ ತಿನ್ನಿಸಿ ಕೊಬ್ಬಿಸೋ ದೊಡ್ಡಿಗೆ, ಅಂದ್ರೆ ಫೀಡ್‌ಲಾಟ್‌ಗೆ ಕಳಿಸ್ತಾರೆ, ಇನ್ನೂ ಕಷ್ಟ ಆದ್ರೆ ಗಬ್ಬ ನಿಂತಿರೋ ಎಳೆ ಹಸುನೂ ಮಾರ್ತಾರೆ. ಎಷ್ಟೋ ವರ್ಷ ತಳಿ ನೋಡಿ ನೋಡಿ ಕಟ್ಟಿದ ಮಂದೆ ಅದು, ಅದರಲ್ಲಿ ಯಾವುದು ಇರಬೇಕು ಯಾವುದು ಹೋಗಬೇಕು ಅಂತ ಗೇಟಿನ ಹತ್ರ ನಿಂತು ತೀರ್ಮಾನ ಮಾಡೋರ ಸಂಕಟ ಯಾವ ಟೇಬಲ್ಲಿನಲ್ಲೂ ಕಾಣಲ್ಲ, ಟೇಬಲ್ಲಿನಲ್ಲಿ ಕಾಣೋದು ಮಾಂಸದ ಟನ್ ಅಷ್ಟೇ.

ಇದರ ಉಲ್ಟಾ ಕೂಡ ಅಷ್ಟೇ ಜನಕ್ಕೆ ಗೊಂದಲ ಮಾಡತ್ತೆ. ಮಳೆ ಬಂತು, ಹುಲ್ಲು ಬಂತು, ರೇಟು ಚೆನ್ನಾಗಿದೆ, ಈಗ ಮಂದೆ ಕಟ್ಟೋಣ ಅಂತ ಸಾಕೋರು ಹೆಣ್ಣು ಕರುಗಳನ್ನ ಹಿಡಿದಿಟ್ಕೊಂಡ್ರೆ ಆ ವರ್ಷ ಮಾರುಕಟ್ಟೆಗೆ ಬರೋ ದನ ಇನ್ನೂ ಕಮ್ಮಿ ಆಗತ್ತೆ, ಮಾಂಸ ಇನ್ನೂ ಬೀಳತ್ತೆ. ಅಂದ್ರೆ ಮಂದೆ ಚೇತರಿಸ್ಕೊಳ್ಳೋ ಮೊದಲ ಲಕ್ಷಣನೇ ಮಾಂಸದ ಕೊರತೆ. ಹೆಣ್ಣು ಕರು ಒಂದೇ ಹೊತ್ತಿಗೆ ಬಂಡವಾಳನೂ ಹೌದು, ಸರಕೂ ಹೌದು, ಎರಡೂ ಆಗಿ ಒಟ್ಟಿಗೆ ಬಳಸೋಕೆ ಆಗಲ್ಲ, ದನದ ಲೆಕ್ಕದ ಏರಿಳಿತ ಎಲ್ಲ ಇದರಿಂದಲೇ ಹುಟ್ಟತ್ತೆ.

ಇದಕ್ಕೆ ಎಷ್ಟು ಟೈಮ್ ಹಿಡಿಯತ್ತೆ ಅಂತ ಲೆಕ್ಕ ಹಾಕಿ. ಹಸುವಿನ ಗರ್ಭ ಸುಮಾರು 283 ದಿನ, ಸಾಮಾನ್ಯವಾಗಿ ಒಂದೇ ಕರು. ಉಳಿಸ್ಕೊಂಡ ಹೆಣ್ಣು ಕರು 14-15 ತಿಂಗಳಿಗೆ ಗಬ್ಬ ನಿಂತು ಎರಡು ವರ್ಷದ ಹೊತ್ತಿಗೆ ಮೊದಲ ಕರು ಹಾಕತ್ತೆ, ಆ ಕರು ಬೆಳೆದು ಕಡಿಯೋ ತೂಕಕ್ಕೆ ಬರೋಕೆ ಮತ್ತೆ ಒಂದೂವರೆ ವರ್ಷ ಚಿಲ್ಲರೆ. ಹೆಚ್ಚುಕಮ್ಮಿ ಮೂರೂವರೆ ವರ್ಷ ಆಯ್ತಲ್ಲ! ಹಂದಿ ಬೇರೆ ಥರ, ಗರ್ಭ 114 ದಿನ, ಒಂದು ಸೂಲಿಗೆ ಅಮೆರಿಕದಂಥ ಕಡೆ 11ಕ್ಕೂ ಜಾಸ್ತಿ ಮರಿ ಉಳಿಯತ್ತೆ, ಆರು ತಿಂಗಳಿಗೆ ಮಾರುಕಟ್ಟೆಗೆ ರೆಡಿ. ಕೋಳಿ ಕೇಳೋದೇ ಬೇಡ, ಮೊಟ್ಟೆ ಒಡೆಯೋಕೆ 21 ದಿನ, ಬೆಳೆಯೋಕೆ ಆರೇಳು ವಾರ. ಹಾಗಾಗಿ ಒಂದೇ ಥರದ ಹೊಡೆತ ಬಿದ್ರೂ ಈ ಮೂರೂ ಒಂದೇ ಥರ ಚೇತರಿಸ್ಕೊಳ್ಳಲ್ಲ.

ಹಂದಿ ಎಷ್ಟು ಬೇಗ ಎದ್ದು ನಿಲ್ಲತ್ತೆ ಅನ್ನೋದಕ್ಕೆ ಚೀನಾ ಸಾಕು. 2018ರ ಆಗಸ್ಟ್‌ನಲ್ಲಿ ಅಲ್ಲಿನ ಲಿಯಾವೊನಿಂಗ್ ಪ್ರಾಂತ್ಯದಲ್ಲಿ ಆಫ್ರಿಕನ್ ಹಂದಿ ಜ್ವರ ಮೊದಲ ಸಲ ಕಾಣಿಸ್ಕೊಂಡಿತು, ಆಗ ಅದಕ್ಕೆ ಲಸಿಕೆನೇ ಇರಲಿಲ್ಲ, ಬಂದ ಕಡೆ ಇಡೀ ಫಾರ್ಮ್ ಖಾಲಿ ಮಾಡಬೇಕು. 2019ರ ಸೆಪ್ಟೆಂಬರ್ ಹೊತ್ತಿಗೆ ಮರಿ ಹಾಕೋ ಹೆಣ್ಣು ಹಂದಿಗಳ ಸಂಖ್ಯೆ ಹಿಂದಿನ ವರ್ಷಕ್ಕಿಂತ ಶೇಕಡ 40ರ ಹತ್ತಿರ ಬಿದ್ದಿತ್ತು. ಹಂದಿ ಮಾಂಸ 2018ರಲ್ಲಿ 5.4 ಕೋಟಿ ಟನ್ ಇದ್ದದ್ದು 2019ರಲ್ಲಿ 4.26 ಕೋಟಿ, 2020ರಲ್ಲಿ 4.11 ಕೋಟಿ. ಇಲ್ಲೂ ಗಮನಿಸಿ, ಮಾಂಸ ಬಿದ್ದ ಪ್ರಮಾಣ ಹೆಣ್ಣು ಹಂದಿ ಬಿದ್ದಷ್ಟು ಇಲ್ಲ, ರೋಗ ಬರೋದ್ರೊಳಗೆ ಮಾರಿಬಿಡೋಣ ಅಂತ ಜನ ಗಡಿಬಿಡಿಯಲ್ಲಿ ಮಾರಿದ್ದೂ ಅದರಲ್ಲಿ ಸೇರಿದೆ. ಆಮೇಲೆ 2021ಕ್ಕೆ 5.3 ಕೋಟಿ, 2023ಕ್ಕೆ 5.79 ಕೋಟಿ ಟನ್, ಅಂದ್ರೆ ರೋಗಕ್ಕೆ ಮುಂಚೆ ಇದ್ದದ್ದಕ್ಕಿಂತ ಜಾಸ್ತಿ! ಆದ್ರೆ ಹಳೇ ಸಾಕಣೆನೇ ಅಲ್ಲ ವಾಪಸ್ ಬಂದಿದ್ದು. ಮನೆ ಹಿಂದೆ ನಾಲ್ಕಾರು ಹಂದಿ ಸಾಕ್ತಿದ್ದ ಎಷ್ಟೋ ಕುಟುಂಬಗಳು ಆ ಕಸುಬು ಬಿಟ್ಟೇ ಬಿಟ್ರು, ಆ ಜಾಗಕ್ಕೆ ದೊಡ್ಡ ಕಂಪನಿಗಳು ಬಂದ್ವು, ಹುಬೈ ಪ್ರಾಂತ್ಯದ ಎಜೌನಲ್ಲಿ 26 ಮಹಡಿಯ ಹಂದಿ ಸಾಕಣೆ ಕಟ್ಟಡನೇ ಎದ್ದು ನಿಂತಿದೆ. ಟನ್ ಲೆಕ್ಕ ಮಾತ್ರ ನೋಡಿದವರಿಗೆ ಎಲ್ಲ ಸರಿಹೋಯ್ತು ಅನ್ಸತ್ತೆ, ಯಾರ ಕೈಯಿಂದ ಯಾರ ಕೈಗೆ ಹೋಯ್ತು ಅನ್ನೋದು ಅದರಲ್ಲಿ ಇಲ್ಲ.

ಚೀನಾ ಸರ್ಕಾರ ಇದರಿಂದ ಕಲಿತ ಒಂದು ವಿಷಯ ನನಗೆ ಬಹಳ ಮುಖ್ಯ ಅನ್ಸತ್ತೆ. ಅವರು ಗುರಿ ಇಟ್ಟಿದ್ದು ಒಟ್ಟು ಹಂದಿಗಳ ಮೇಲಲ್ಲ, ಮರಿ ಹಾಕೋ ಹೆಣ್ಣು ಹಂದಿಗಳ ಮೇಲೆ. 2021ರಲ್ಲಿ ಸುಮಾರು 4.1 ಕೋಟಿ ಹೆಣ್ಣು ಹಂದಿ ಇದ್ರೆ ಅದು ಸರಿಯಾದ ಮಟ್ಟ ಅಂದ್ರು, 2024ರಲ್ಲಿ ಅದನ್ನ 3.9 ಕೋಟಿಗೆ ಇಳಿಸಿದ್ರು, ಯಾಕಂದ್ರೆ ಒಂದೊಂದು ಹಂದಿಯಿಂದ ಬರೋ ಮರಿ ಜಾಸ್ತಿ ಆಗಿ ಮಾಂಸ ಮಿಕ್ಕೋಕೆ ಶುರುವಾಗಿತ್ತು.

ಎರಡನೇ ದೊಡ್ಡ ವಿಷಯ ತೂಕ. ಅಮೆರಿಕದಲ್ಲಿ ದನಗಳ ಸಂಖ್ಯೆ ಅತಿ ಹೆಚ್ಚು ಇದ್ದದ್ದು 1975ರಲ್ಲಿ, ಸುಮಾರು 13.2 ಕೋಟಿ. 2025ರ ಜನವರಿ 1ಕ್ಕೆ 8.67 ಕೋಟಿ, 1951ರಿಂದ ಈಚೆಗೆ ಇಷ್ಟು ಕಮ್ಮಿ ಇರಲಿಲ್ಲ. ಮೂರರಲ್ಲಿ ಒಂದು ಭಾಗಕ್ಕಿಂತ ಜಾಸ್ತಿ ದನ ಮಾಯ, ಆದ್ರೂ ಈಗ ಬರ್ತಿರೋ ಮಾಂಸ 1975ಕ್ಕಿಂತ ಜಾಸ್ತಿನೇ. ಆಗ ಒಂದು ದನದಿಂದ ತಲೆ ಚರ್ಮ ಕರುಳು ಎಲ್ಲ ತೆಗೆದ ಮೇಲೆ ಉಳೀತಿದ್ದ ತೂಕ 270 ಕೆಜಿಗೂ ಕಮ್ಮಿ, ಈಗ ಸರಾಸರಿ 380 ಕೆಜಿ ದಾಟಿದೆ. ತಳಿ ಬದಲಾಯ್ತು, ಫೀಡ್‌ಲಾಟ್‌ನಲ್ಲಿ ಧಾನ್ಯ ತಿನ್ನೋ ದಿನಗಳು ಹೆಚ್ಚಾದ್ವು, ಹಾಲಿನ ಹಸುಗಳಿಗೇ ಮಾಂಸದ ತಳಿಯ ವೀರ್ಯ ಹಾಕಿ ಕರು ತೆಗೆಯೋದು ಈಚೆಗೆ ಬಹಳ ಹೆಚ್ಚಾಗಿದೆ. ದನ ಕಮ್ಮಿ ಸಿಗೋ ವರ್ಷಗಳಲ್ಲಿ ಇರೋ ದನನೇ ಇನ್ನಷ್ಟು ದಿನ ನಿಲ್ಲಿಸ್ಕೊಂಡು ತೂಕ ಏರಿಸೋದೂ ಇದೆ, ಅದಕ್ಕೇ ಸಂಖ್ಯೆ ಇಳಿದ ವೇಗದಲ್ಲಿ ಮಾಂಸ ಇಳಿಯಲ್ಲ.

ನ್ಯೂಜಿಲೆಂಡ್ ಕುರಿ ಕಥೆನೂ ಇದೇ. 1982ರಲ್ಲಿ ಅಲ್ಲಿ ಏಳು ಕೋಟಿ ಕುರಿ, ಒಬ್ಬ ಮನುಷ್ಯನಿಗೆ ಇಪ್ಪತ್ತಕ್ಕೂ ಹೆಚ್ಚು. 1984ರಲ್ಲಿ ಸರ್ಕಾರ ಸಬ್ಸಿಡಿ ತೆಗೀತು, ಉಣ್ಣೆ ರೇಟು ಬಿತ್ತು, ಕುರಿ ಮೇಯ್ತಿದ್ದ ಜಾಗಕ್ಕೆ ಹಾಲಿನ ಹಸು ಬಂತು, ಪೈನ್ ಮರ ಬಂತು, 2023ರ ಹೊತ್ತಿಗೆ ಎರಡೂವರೆ ಕೋಟಿಗೂ ಕಮ್ಮಿ. ಆದ್ರೆ ಉಳಿದ ಕುರಿಗಳು ಈಗ ಹೆಚ್ಚು ಮರಿ ಹಾಕ್ತವೆ, 14 ಕೆಜಿ ಆಸುಪಾಸು ಇದ್ದ ಮರಿ ಮಾಂಸದ ತೂಕ 18-19 ಕೆಜಿಗೆ ಬಂದಿದೆ. ಕುರಿ ಮೂರರಲ್ಲಿ ಒಂದು ಪಾಲಷ್ಟು ಉಳಿದ್ರೂ ಮರಿ ಮಾಂಸ ಅಷ್ಟೊಂದು ಬಿದ್ದಿಲ್ಲ.

ಕೋಳಿ ವಿಷಯಕ್ಕೆ ಬಂದ್ರೆ ತಲೆ ಎಣಿಸೋದಕ್ಕೆ ಅರ್ಥನೇ ಇಲ್ಲ. ಯಾವುದೋ ಒಂದು ದಿನ ನಿಂತು ಎಣಿಸಿದ್ರೆ ಪ್ರಪಂಚದಲ್ಲಿ 2,600 ಕೋಟಿ ಆಸುಪಾಸು ಕೋಳಿ ಇರ್ತವೆ, ಆದ್ರೆ ವರ್ಷಕ್ಕೆ ಕಡಿಯೋದು 7,000 ಕೋಟಿಗೂ ಹೆಚ್ಚು! ಬ್ರಾಯ್ಲರ್ ಶೆಡ್‌ನಲ್ಲಿ ಒಂದು ಬ್ಯಾಚ್ ಹೋದ್ರೆ ತೊಳೆದು, ಹೊಟ್ಟು ಹಾಕಿ, ಮತ್ತೊಂದು ಬ್ಯಾಚ್ ಮರಿ ಬಿಡ್ತಾರೆ, ಗಣತಿ ದಿನ ಆ ಶೆಡ್ ಖಾಲಿ ಇದ್ರೆ ಸೊನ್ನೆ, ಎರಡು ದಿನ ಬಿಟ್ಟು ಬಂದ್ರೆ ಸಾವಿರಗಟ್ಟಲೆ. ಅಮೆರಿಕದಲ್ಲಿ 1925ರ ಸುಮಾರಿಗೆ ಒಂದು ಕೋಳಿ 16 ವಾರ ತಿಂದು 1.1 ಕೆಜಿ ಬರ್ತಿತ್ತು, ಈಗ ಏಳು ವಾರದೊಳಗೆ ಮೂರು ಕೆಜಿ ಹತ್ತಿರ ಬರತ್ತೆ, ತಿನ್ನೋ ಫೀಡೂ ಕೆಜಿಗೆ ಲೆಕ್ಕ ಹಾಕಿದ್ರೆ ಅರ್ಧಕ್ಕಿಂತ ಕಮ್ಮಿ. ಪ್ರಪಂಚದ ಒಟ್ಟು ಮಾಂಸ 1961ರಲ್ಲಿ ಏಳು ಕೋಟಿ ಟನ್ ಇದ್ದದ್ದು ಈಗ 35 ಕೋಟಿ ದಾಟಿರೋದ್ರಲ್ಲಿ ದೊಡ್ಡ ಪಾಲು ಕೋಳಿದು, ಹಂದಿನ ಹಿಂದೆ ಹಾಕಿ ಅದೇ ಮೊದಲನೇ ಸ್ಥಾನದಲ್ಲಿದೆ. ಈ ವೇಗಕ್ಕೆ ಆ ಹಕ್ಕಿ ಕೊಡೋ ಬೆಲೆ ಕೂಡ ನಿಜ, ಕೂತಲ್ಲೇ ಬೆಳೆದು ಕಾಲು ಸೋಲೋ ಕೋಳಿಗಳ ಬಗ್ಗೆ ಓದಿದ್ರೆ ಈ ದಕ್ಷತೆಯ ಅಂಕಿ ನೋಡಿ ಪೂರ್ತಿ ಖುಷಿ ಪಡೋಕೆ ನನ್ನಿಂದ ಆಗಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ಥರದ ಇಳಿತ ಇದೆ, ಅದರಲ್ಲಿ ಮಂದೆನೂ ಹೋಗತ್ತೆ, ಮಾಂಸನೂ ಬರಲ್ಲ. ಮಂಗೋಲಿಯಾದಲ್ಲಿ ಪ್ರತಿ ಡಿಸೆಂಬರ್ ಜಾನುವಾರು ಎಣಿಸ್ತಾರೆ, ನೂರು ವರ್ಷಕ್ಕೂ ಹಳೇ ಪದ್ಧತಿ. 2023ರ ಕೊನೆಗೆ ಕುದುರೆ, ದನ, ಒಂಟೆ, ಕುರಿ, ಮೇಕೆ ಎಲ್ಲ ಸೇರಿ 6.47 ಕೋಟಿ ಇದ್ವು. ಆ ಚಳಿಗಾಲ ಅವರು ದ್ಜುದ್ ಅಂತ ಕರೆಯೋ ವಿಪತ್ತು ಬಂತು, ಬೇಸಿಗೆಲಿ ಹುಲ್ಲು ಸರಿಯಾಗಿ ಬೆಳೆದಿರಲ್ಲ, ಆಮೇಲೆ ಹಿಮ ದಪ್ಪಗೆ ಬಿದ್ದು ಗಟ್ಟಿ ಆಗಿ ಇರೋ ಹುಲ್ಲಿಗೂ ಬಾಯಿ ತಲುಪಲ್ಲ, ಪ್ರಾಣಿಗಳು ನಿಂತಲ್ಲೇ ಸಾಯ್ತವೆ. 70 ಲಕ್ಷಕ್ಕೂ ಹೆಚ್ಚು ಸತ್ವು, 2024ರ ಕೊನೆಗೆ ಲೆಕ್ಕ 5.76 ಕೋಟಿ. ಸೋಮಾಲಿಯಾ, ಕೀನ್ಯಾ, ಇಥಿಯೋಪಿಯಾ ಕಡೆ 2020ರಿಂದ ಸಾಲಾಗಿ ಮಳೆ ಕೈಕೊಟ್ಟಾಗಲೂ ಲಕ್ಷಗಟ್ಟಲೆ ದನ, ಕುರಿ, ಮೇಕೆ ಹಾಗೇ ಹೋದ್ವು. ಅಮೆರಿಕದಲ್ಲಿ ಬರ ಬಂದ್ರೆ ಮಾರೋಕೆ ಲಾರಿ ಇದೆ, ಕಸಾಯಿಖಾನೆ ಇದೆ, ಕೋಲ್ಡ್ ಸ್ಟೋರೇಜ್ ಇದೆ, ಮಂದೆ ಹೋದ್ರೂ ಕೈಗೆ ದುಡ್ಡು ಬರತ್ತೆ. ಅಲೆಮಾರಿ ಕುರುಬರಿಗೆ ಮಂದೆನೇ ಬ್ಯಾಂಕು, ಮಾರೋಣ ಅಂದ್ರೆ ಸುತ್ತ ಎಲ್ಲರ ಪ್ರಾಣಿನೂ ಬಡಕಲು, ಕೊಳ್ಳೋರು ಇಲ್ಲ. ಇಳಿತದ ಅಂಕಿ ಎರಡೂ ಕಡೆ ಒಂದೇ ಥರ ಕಾಣತ್ತೆ, ಇದಕ್ಕಿಂತ ದೊಡ್ಡ ಮೋಸ ಅಂಕಿಅಂಶದಲ್ಲಿ ಇಲ್ಲ.

ಅದಕ್ಕೆ ನಾನು ಯಾವ ದೇಶದ ವರದಿ ತೆಗೆದ್ರೂ ಒಟ್ಟು ಸಂಖ್ಯೆಗೆ ಮುಂಚೆ ಹೆಣ್ಣುಗಳ ಸಾಲು ಹುಡುಕ್ತೀನಿ, ಕರು ಹಾಕಿದ ಹಸು ಎಷ್ಟು, ಮಂದೆಗೆ ಅಂತ ಉಳಿಸಿರೋ ಕಡಸು ಎಷ್ಟು, ಕಡಿದದ್ರಲ್ಲಿ ಹೆಣ್ಣು ಎಷ್ಟು ಪಾಲು. 2025ರ ಜನವರಿಗೆ ಅಮೆರಿಕದಲ್ಲಿ ಮಾಂಸದ ತಳಿಯ ಹಸುಗಳು 2.79 ಕೋಟಿ, 1961ರಿಂದ ಈಚೆಗೆ ಅತಿ ಕಮ್ಮಿ, ಉಳಿಸ್ಕೊಂಡ ಕಡಸುಗಳೂ ಹಿಂದಿನ ವರ್ಷಕ್ಕಿಂತ ಶೇಕಡ 1 ಕಮ್ಮಿ. ರೇಟು ಆಕಾಶ ಮುಟ್ಟಿರೋವಾಗಲೂ ಸಾಕೋರು ಮಂದೆ ಕಟ್ಟೋಕೆ ಮುಂದೆ ಬಂದಿರಲಿಲ್ಲ ಅಂತ ಅದರರ್ಥ, ಕಡಸು ಮಾರಿದ್ರೆ ಇವತ್ತೇ ಅಷ್ಟು ದುಡ್ಡು ಸಿಗುವಾಗ ಮೂರೂವರೆ ವರ್ಷ ಕಾಯಿ ಅನ್ನೋದು ಸುಲಭ ಅಲ್ಲ, ಸಾಲದ ಬಡ್ಡಿ ಬೇರೆ ಇದೆ, ಎಷ್ಟೋ ಜನ ಸಾಕೋರಿಗೆ ವಯಸ್ಸೂ ಆಗಿದೆ.

ಇಂಥ ಹೊತ್ತಲ್ಲೇ ಲೆಕ್ಕ ಇಡೋರೂ ಕೈಬಿಟ್ರೆ ಏನ್ ಮಾಡೋದು? ಅಮೆರಿಕದ ಕೃಷಿ ಇಲಾಖೆ ಜನವರಿಗೊಂದು, ಜುಲೈಗೊಂದು ದನಗಳ ವರದಿ ಕೊಡತ್ತೆ. 2024ರಲ್ಲಿ ಬಜೆಟ್ ಇಲ್ಲ ಅಂತ ಜುಲೈ ವರದಿನೇ ನಿಲ್ಲಿಸಿದ್ರು. 2025ರಲ್ಲಿ ಮತ್ತೆ ಬಂತು, 9.42 ಕೋಟಿ ದನ (ಆ ವರ್ಷ ಹುಟ್ಟಿದ ಕರುಗಳೂ ಸೇರೋದ್ರಿಂದ ಜುಲೈ ಲೆಕ್ಕ ಜನವರಿಗಿಂತ ದೊಡ್ಡದೇ ಇರತ್ತೆ), ಜುಲೈ ಲೆಕ್ಕದಲ್ಲಿ ಅತಿ ಕಮ್ಮಿ, ಆದ್ರೆ ಹೋಲಿಸೋಕೆ ಹಿಂದಿನ ವರ್ಷದ ಅಂಕಿ ಇಲ್ಲದೆ 2023ರ ಜೊತೆ ಹೋಲಿಸಬೇಕಾಯ್ತು. ಸಂಖ್ಯೆ ಆ ಎರಡು ವರ್ಷದಲ್ಲಿ ಯಾವಾಗ ಎಷ್ಟು ಬಿತ್ತು, ಮಧ್ಯದಲ್ಲಿ ಯಾರಾದ್ರೂ ಕಡಸು ಹಿಡಿಯೋಕೆ ಶುರು ಮಾಡಿದ್ರಾ ಅಂತ ನೋಡೋಕೆ ಆ ಒಂದು ಜುಲೈ ಬಹಳ ಬೇಕಾಗಿತ್ತು. ಒಂದು ಸರ್ವೆಗೆ ಆಗೋ ಖರ್ಚು ಆ ಉದ್ಯಮದ ಮುಂದೆ ಏನೇನೂ ಅಲ್ಲ, ಉಳಿಸೋದಾದ್ರೆ ಬೇರೆ ಕಡೆ ಉಳಿಸಲಿ, ಜುಲೈ ವರದಿ ಮತ್ತೆ ನಿಲ್ಲಿಸೋದು ಬೇಡ.