ಈ ನೊರೆ ಯಾಕೆ ಬಂತು?

ಕಾಫಿ ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಮೊದಲು ಹೇಳಿಕೊಡುವುದು ಅಂಕಿಗಳನ್ನು. 18 ಗ್ರಾಂ ಪುಡಿ, ಅದರಿಂದ ಒತ್ತಡದಲ್ಲಿ ಇಳಿಸಿದ ಗಟ್ಟಿ ಕಾಫಿ, ಅಂದರೆ ಎಸ್ಪ್ರೆಸೊ, 36 ಗ್ರಾಂ, 25ರಿಂದ 30 ಸೆಕೆಂಡು, 9 ಬಾರ್ ಒತ್ತಡ. 15 ಸೆಕೆಂಡಿಗೇ ಲೋಟ ತುಂಬಿತೆಂದರೆ ಪುಡಿ ತರಿತರಿಯಾಗಿದೆ, ಕಾಫಿ ಹುಳಿ ಹೊಡೆಯುತ್ತದೆ. 40 ಸೆಕೆಂಡು ದಾಟಿದರೆ ಪುಡಿ ಅತಿ ನುಣ್ಣಗಾಗಿದೆ, ನಾಲಿಗೆಯಲ್ಲಿ ಕಹಿಯ ಜೊತೆಗೆ ಒಗರು ನಿಲ್ಲುತ್ತದೆ. ದಿನದ ಕೆಲಸಕ್ಕೆ ಇಷ್ಟು ಸಾಕು. ಆದರೆ ಒತ್ತಡ 9 ಬಾರೇ ಯಾಕೆ ಎಂಬ ಪ್ರಶ್ನೆ ಒಮ್ಮೆ ಹೊಕ್ಕರೆ ಅದು ಸುಮ್ಮನೆ ಬಿಡುವುದಿಲ್ಲ.

1884ರಲ್ಲಿ ಟ್ಯೂರಿನ್‌ನ ಆಂಜೆಲೊ ಮೊರಿಯೊಂಡೊ, 1901ರಲ್ಲಿ ಮಿಲಾನ್‌ನ ಲುಯಿಜಿ ಬೆಜ್ಜೆರಾ ಪೇಟೆಂಟ್ ಪಡೆದ ಯಂತ್ರಗಳಲ್ಲಿ ನೀರನ್ನು ತಳ್ಳುತ್ತಿದ್ದುದು ಹಬೆ. ಅಂಥ ಹಬೆ ಯಂತ್ರಗಳ ಒತ್ತಡ 1.5 ಬಾರ್‌ನ ಆಸುಪಾಸು. ಅದನ್ನು ಹೆಚ್ಚಿಸಬೇಕಾದರೆ ಬಾಯ್ಲರನ್ನು ಇನ್ನಷ್ಟು ಕಾಯಿಸಬೇಕು. ಕಾಯಿಸಿದರೆ ಪುಡಿ ಸೀದು ಹೋಗುತ್ತದೆ. ಈ ಗಂಟನ್ನು ಬಿಡಿಸಿದವರು ಅಕಿಲ್ಲೆ ಗಾಜಿಯಾ. 1938ರಲ್ಲಿ ಅವರ ಮೊದಲ ಪೇಟೆಂಟ್. ಮಹಾಯುದ್ಧ ಮುಗಿದ ಮೇಲೆ ಬಂದ ಅವರ ಲಿವರ್ ಯಂತ್ರದಲ್ಲಿ ಸ್ಪ್ರಿಂಗ್ ಮತ್ತು ಪಿಸ್ಟನ್ ಸೇರಿ ನೀರನ್ನು ಒತ್ತುತ್ತಿದ್ದವು. ಶಾಖ ಬೇರೆ, ಒತ್ತಡ ಬೇರೆ ಆದದ್ದು ಹೀಗೆ. 1961ರ ಫಾಯೆಮಾ ಇ61 ಯಂತ್ರದಲ್ಲಿ ಕೈಯ ಕೆಲಸ ವಿದ್ಯುತ್ ಪಂಪಿನ ಪಾಲಾಯಿತು. ಲಿವರ್ ಮರೆಯಾದರೂ ಇಂಗ್ಲಿಷಿನಲ್ಲಿ ಬರಿಸ್ತಾಗಳು, ಅಂದರೆ ಕಾಫಿ ಮಾಡಿಕೊಡುವವರು, ಇವತ್ತಿಗೂ ಶಾಟನ್ನು (ಒಂದು ಸಲದ ಎಸ್ಪ್ರೆಸೊವನ್ನು) ‘ಎಳೆಯುತ್ತಾರೆ’.

ಕ್ರೇಮಾ ಎಂಬ ಕಂದು ನೊರೆ ಲೋಟಕ್ಕೆ ಬಂದದ್ದು ಈ ಲಿವರಿನ ಕಾಲದಲ್ಲೇ. ಹುರಿಯುವಾಗ ಬೀಜದೊಳಗೆ ಇಂಗಾಲದ ಡೈಆಕ್ಸೈಡ್ ಹುಟ್ಟಿ ಅಲ್ಲೇ ಸಿಕ್ಕಿಕೊಂಡಿರುತ್ತದೆ. ಹೆಚ್ಚಿನ ಒತ್ತಡದಲ್ಲಿ ಅದು ನೀರಿನಲ್ಲಿ ಕರಗಿ, ಹೊರಬಿದ್ದ ಕೂಡಲೇ ಗುಳ್ಳೆಯಾಗುತ್ತದೆ. ಹಾಗಾಗಿ ನಿನ್ನೆ ಹುರಿದ ಬೀಜದಲ್ಲಿ ನೊರೆ ಉಕ್ಕುತ್ತದೆ, ಆದರೆ ದೊಡ್ಡ ಗುಳ್ಳೆಗಳು, ಬೇಗ ಒಡೆಯುತ್ತವೆ. ನೀರೂ ಪುಡಿಯಲ್ಲಿ ಸಮನಾಗಿ ಇಳಿಯುವುದಿಲ್ಲ. 7ರಿಂದ 10 ದಿನ ಬಿಟ್ಟು ಬಳಸಿದರೆ ಒಳ್ಳೆಯದು. ನೊರೆಯೇ ಇಲ್ಲವೆಂದರೆ ಮೊದಲು ಯಂತ್ರವನ್ನಲ್ಲ, ಹುರಿದ ತಾರೀಕನ್ನು ನೋಡಬೇಕು.

ಟರ್ಕಿಶ್ ಕಾಫಿ ಮಾಡುವ ಉದ್ದ ಹಿಡಿಯ ಪುಟ್ಟ ಪಾತ್ರೆ ಜೆಜ್ವೆ. ಅದರದು ಇನ್ನೂ ಹಳೆಯ ದಾರಿ. ಹಿಟ್ಟಿನಷ್ಟು ನುಣ್ಣನೆಯ ಪುಡಿ 7 ಗ್ರಾಂ, ತಣ್ಣೀರು 70 ಮಿಲಿ, ಸಣ್ಣ ಉರಿ. ನೊರೆ ಕತ್ತಿನವರೆಗೆ ಏರಿದಾಗ ಇಳಿಸಬೇಕು. ಕುದಿ ಬಂದರೆ ನೊರೆ ಸತ್ತು ಕಹಿ ಏಳುತ್ತದೆ. ಸೋಸುವುದಿಲ್ಲವಾದ್ದರಿಂದ ಚರಟ ತಳಕ್ಕಿಳಿಯಲು ಎರಡು ನಿಮಿಷ ಕಾಯಲೇಬೇಕು. ಕಾಯುತ್ತ ಕೂತವರು ಮಾತಾಡುತ್ತಾರೆ, ಅರಸರಿಗೆ ಅಳುಕು ಹುಟ್ಟಿಸಿದ್ದು ಆ ಮಾತೇ ಎಂದು ನನಗನಿಸುತ್ತದೆ. 1511ರಲ್ಲಿ ಮೆಕ್ಕಾದ ಅಧಿಕಾರಿ ಖೈರ್ ಬೇಗ್ ಕಾಫಿಯನ್ನು ನಿಷೇಧಿಸಿದ. 1675ರಲ್ಲಿ ಇಂಗ್ಲೆಂಡಿನ ಎರಡನೇ ಚಾರ್ಲ್ಸ್ ಕಾಫಿ ಮನೆಗಳನ್ನು ಮುಚ್ಚಲು ಹೊರಡಿಸಿದ ಆಜ್ಞೆ ಜಾರಿಗೆ ಬರುವ ಮೊದಲೇ ವಾಪಸಾಯಿತು.

ಇನ್ನು ಬೀಜದ ಚೀಲ. ಅದರ ಮೇಲೆ ಟಿಪಿಕಾ ಎಂದಿದ್ದರೆ ಅದು ಅರೇಬಿಕಾದ ಒಂದು ತಳಿ, ಜೊತೆಗೆ ಒಂದು ಪ್ರಯಾಣದ ಹೆಸರು. 1706ರಲ್ಲಿ ಜಾವಾದಿಂದ ಆಮ್‌ಸ್ಟರ್‌ಡ್ಯಾಮ್‌ನ ಸಸ್ಯೋದ್ಯಾನಕ್ಕೆ ಗಿಡ ಬಂತು. 1714ರಲ್ಲಿ ಅದರ ಸಂತತಿಯ ಒಂದು ಗಿಡ ಹದಿನಾಲ್ಕನೇ ಲೂಯಿಗೆ ಉಡುಗೊರೆಯಾಗಿ ಹೋಯಿತು. ಕೆಲವೇ ವರ್ಷಗಳಲ್ಲಿ ಆ ಸಂತತಿ ಕೆರಿಬಿಯನ್ ದ್ವೀಪಗಳಿಗೆ ಹಬ್ಬಿತು. ಅಲ್ಲಿ ತೋಟ ಎಬ್ಬಿಸಿದ್ದು ಆಫ್ರಿಕಾದಿಂದ ಹಿಡಿದು ತಂದ ಗುಲಾಮರ ದುಡಿಮೆ. ಇಂದಿನ ಹೈಟಿ, ಅಂದಿನ ಸೇಂಟ್ ಡೊಮಿಂಗ್, 1780ರ ದಶಕದ ಕೊನೆಗೆ ಜಗತ್ತಿನ ಸುಮಾರು ಅರ್ಧದಷ್ಟು ಕಾಫಿ ಬೆಳೆಯುತ್ತಿತ್ತು. 1791ರಲ್ಲಿ ಅಲ್ಲಿನ ಗುಲಾಮರು ದಂಗೆ ಎದ್ದರು. ತಳಿಯ ಕಥೆ ಹೇಳುವವರು ಇದನ್ನು ಬಿಟ್ಟು ಹೇಳಬಾರದು.

ಬೆರಳೆಣಿಕೆಯ ಗಿಡಗಳಿಂದ ತೋಟಗಳೆಲ್ಲ ತುಂಬಿದ್ದಕ್ಕೆ ಬೆಲೆಯೂ ತೆರಬೇಕಾಯಿತು. 1869ರಲ್ಲಿ ಸಿಲೋನಿನಲ್ಲಿ ಕಾಣಿಸಿಕೊಂಡ ಎಲೆತುಕ್ಕು ರೋಗ ಅಲ್ಲಿನ ಕಾಫಿಯನ್ನು ನುಂಗಿತು, ತೋಟಗಳು ಚಹಾಕ್ಕೆ ತಿರುಗಿದವು. ಟಿಮೋರ್ ದ್ವೀಪದಲ್ಲಿ ಅರೇಬಿಕಾ ಮತ್ತು ರೊಬಸ್ಟಾ ತಾವಾಗಿಯೇ ಕೂಡಿ ಹುಟ್ಟಿದ ಗಿಡದಲ್ಲಿ ರೋಗ ತಡೆಯುವ ಶಕ್ತಿ ಸಿಕ್ಕಿತು; ಕ್ಯಾಟಿಮೋರ್ ತಳಿ ಅದರ ಸಂತಾನ.

ಓದುವಾಗ ಒಂದು ಎಚ್ಚರ ಇರಲಿ. ಕಾಫಿಯನ್ನು ಮೊದಲು ಕಂಡುಕೊಂಡನೆನ್ನುವ, ಮೇಕೆ ಕಾಯುವ ಕಾಲ್ಡಿಯ ಕಥೆ ಚೆನ್ನಾಗಿದೆ, ಆದರೆ ಅದು ಬರಹದಲ್ಲಿ ಸಿಗುವುದು 1671ರಲ್ಲಿ, ರೋಮ್‌ನಲ್ಲಿ. ಗಟ್ಟಿ ಆಧಾರ ಇರುವುದು 15ನೇ ಶತಮಾನದ ಯೆಮನ್‌ನ ಸೂಫಿಗಳಿಗೆ. ರಾತ್ರಿಯ ಪ್ರಾರ್ಥನೆಯಲ್ಲಿ ನಿದ್ದೆ ತಡೆಯಲು ಅವರು ಕಾಫಿ ಕುಡಿಯುತ್ತಿದ್ದರು.

ಟಿಪಿಕಾ ಮತ್ತು ಕ್ಯಾಟಿಮೋರ್ ಎರಡೂ ಸಿಕ್ಕರೆ, ಒಂದೇ ಹದಕ್ಕೆ ಹುರಿದದ್ದನ್ನು ಅಕ್ಕಪಕ್ಕ ಇಟ್ಟು ನೋಡಿ. ತಲಾ 8.25 ಗ್ರಾಂ ತರಿ ಪುಡಿ, 93 ಡಿಗ್ರಿಯ ನೀರು 150 ಮಿಲಿ. 4 ನಿಮಿಷಕ್ಕೆ ಮೇಲೆ ಕಟ್ಟಿದ ಪುಡಿಯ ಪದರ ಒಡೆದು, ತೇಲುವುದನ್ನು ತೆಗೆದು, ಇನ್ನೂ ಐದಾರು ನಿಮಿಷ ಬಿಟ್ಟು ಚಮಚದಲ್ಲಿ ಸುರ್ರೆಂದು ಹೀರಿ. ಬಿಸಿಯಲ್ಲಿ ಎರಡೂ ಒಂದೇ ಅನ್ನಿಸಬಹುದು. ಪೂರ್ತಿ ತಣಿದ ಮೇಲೆ ಇನ್ನೊಮ್ಮೆ ಹೀರಿ.